ಮೂವತ್ತೊಂದು ಮನೆಯ ಬಿಳಿ ಮದ್ದು

ನಾನು ಈ ಊರಿಗೆ ಸೊಸೆಯಾಗಿ ಕಾಲಿಟ್ಟ ದಿನವೇ ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನಾನು ಸಾಯಬೇಕಿತ್ತು, ಸಾಯಲಿಲ್ಲ. ಯಾಕೆ ಸಾಯಲಿಲ್ಲ ಅನ್ನುವುದನ್ನು ಇವತ್ತು ಹೇಳಿಬಿಡುತ್ತೇನೆ. ನನ್ನನ್ನು ಬದುಕಿಸಿದವರಲ್ಲಿ ಈಗ ಉಳಿದಿರುವವರು ಇಬ್ಬರೋ ಮೂವರೋ. ಅವರ ಮುಂದೆ ಈ ಮಾತು ಎತ್ತಿದರೆ, ಬಿಡು ಸಣ್ಣೀರಿ, ಅದನ್ನೇನು ಇನ್ನೂ ಎತ್ತಿ ಆಡುತ್ತೀಯ ಅಂತ ಬೈಯುತ್ತಾರೆ. ಅವರಿಗೆ ಮರೆತಿರಬಹುದು. ಹೊಟ್ಟೆಯಲ್ಲಿ ಸೂಜಿ ಇಟ್ಟುಕೊಂಡು ಮಲಗಿದ್ದವಳು ನಾನು, ನನಗೆ ಹೇಗೆ ಮರೆಯುತ್ತದೆ?

ನಮ್ಮೂರಿನ ಪಡುವಣಕ್ಕೆ ಒಂದು ಗುಡ್ಡ ಇದೆ. ಅದು ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಬಿಸ್ಮತ್ ಅನ್ನುವ ಲೋಹವನ್ನು ದೂರ ತಳ್ಳುತ್ತದೆ. ದಿನಾ ಎಳೆಯುವುದು ಮೆಲ್ಲಗೆ, ಮಗು ಸೆರಗು ಹಿಡಿದು ಜಗ್ಗಿದಷ್ಟು. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ದೊಡ್ಡ ಸೆಳೆತ ಬರುತ್ತದೆ. ಆಗ ಊರಿನಲ್ಲಿ ಒಂದೇ ಒಂದು ಮೊಳೆ ಇದ್ದರೂ ಅದು ಗೋಡೆ, ಮರ, ಮನುಷ್ಯ ಅಂತ ನೋಡದೆ ತೂರಿಕೊಂಡು ಹೋಗಿ ಗುಡ್ಡ ಸೇರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಿನ ನೀರು ಇಳಿಜಾರಿಗೇ ಯಾಕೆ ಹರಿಯುತ್ತದೆ ಅಂತ ನಾನೇನಾದರೂ ಕೇಳಿದೆನಾ?

ಹಾಗಾಗಿ ಇಲ್ಲಿ ಕಬ್ಬಿಣ ಇಲ್ಲ. ನೇಗಿಲಿಗೆ ಕಂಚು, ಈಳಿಗೆಮಣೆಗೆ ಹಿತ್ತಾಳೆ, ಬಾಗಿಲಿಗೆ ಮರದ ಅಗಳಿ. ಮಿಕ್ಕಿದ್ದಕ್ಕೆಲ್ಲ ಬಿಸ್ಮತ್. ಅದರ ಗಣಿ ಊರಿನ ಮೂಡಣ ದಿಕ್ಕಿಗಿದೆ. ಗುಡ್ಡ ತಳ್ಳಿ ತಳ್ಳಿ ಅದೆಲ್ಲ ಅಲ್ಲಿ ಹೋಗಿ ಕೂತಿದೆ ಅನ್ನುತ್ತಾರೆ ಹಳಬರು. ಅದನ್ನು ಕರಗಿಸಿ ನಿಧಾನವಾಗಿ ಆರಲು ಬಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗಿ ನವಿಲಿನ ಬಣ್ಣಗಳನ್ನೆಲ್ಲ ತಾಳುತ್ತದೆ. ಅಂಥದೊಂದು ಗಟ್ಟಿಯನ್ನು ಪ್ರತಿ ಮನೆಯ ಬಾಗಿಲಿಗೂ ದಾರದಲ್ಲಿ ತೂಗುಹಾಕಿರುತ್ತೇವೆ. ಚೆಂದಕ್ಕಲ್ಲ. ಅದು ದಿನವೂ ಗುಡ್ಡದಿಂದ ಆಚೆಗೆ ಒಂದು ಬೆರಳಿನಷ್ಟು ಓರೆಯಾಗಿ ನೇತಾಡುತ್ತದೆ. ನಾಲ್ಕು ಬೆರಳು ಓರೆಯಾಯಿತೆಂದರೆ ದೊಡ್ಡ ಸೆಳೆತ ಬಾಗಿಲಿಗೇ ಬಂತು ಅಂತ ಲೆಕ್ಕ. ಅದೇ ಬಿಸ್ಮತ್ತಿಗೆ ತವರ, ಸೀಸ ಬೆರೆಸಿದರೆ ಬಿಸಿನೀರಿನಲ್ಲೇ ಕರಗುವ ಲೋಹ ಆಗುತ್ತದೆ. ನನ್ನ ಗಂಡ ಪಾಲಯ್ಯನ ಕೆಲಸವೇ ಅದರದ್ದು. ಹಿತ್ತಾಳೆ ಕೊಳವೆಯೊಳಗೆ ಆ ಲೋಹ ಹೊಯ್ದು, ಗಟ್ಟಿಯಾದ ಮೇಲೆ ಕೊಳವೆಯನ್ನು ಬಗ್ಗಿಸಿ, ಬಿಸಿನೀರಿನಲ್ಲಿ ಅದ್ದಿ ಲೋಹವನ್ನು ಹೊರಗೆ ಸುರಿಯುತ್ತಿದ್ದ. ಹಾಗೆ ಮಾಡಿದರೆ ಕೊಳವೆ ನಜ್ಜಾಗದೆ ಬಾಗುತ್ತದೆ. ಮದುಮಗಳ ಮುಖಕ್ಕೆ ಹಚ್ಚುವ ಮುತ್ತಿನ ಹೊಳಪಿನ ಪುಡಿಯೂ ಬಿಸ್ಮತ್ತಿನದೇ.

ಎಲ್ಲಕ್ಕಿಂತ ಹೆಚ್ಚಿನದು ಬಿಳಿ ಮದ್ದು. ಇಲ್ಲಿನ ಬಾವಿ ನೀರು ಕುಡಿದವರಿಗೆ ಎದೆಯುರಿ, ಹೊಟ್ಟೆನೋವು ತಪ್ಪಿದ್ದಲ್ಲ. ಉಂಡ ಮೇಲೆ ಒಂದು ಚಮಚ ಬಿಸ್ಮತ್ತಿನ ಬಿಳಿ ಮದ್ದು ಕುಡಿಯದಿದ್ದರೆ ಯಾರಿಗೂ ಕೆಲಸಕ್ಕೆ ಏಳಲಾಗುವುದಿಲ್ಲ. ಆಗೆಲ್ಲ ಅದು ದೂರದ ಕಾರ್ಖಾನೆಯಲ್ಲಿ ತಯಾರಾಗಿ ಮೂರು ತಿಂಗಳಿಗೊಮ್ಮೆ ಗಾಡಿಯಲ್ಲಿ ಬರುತ್ತಿತ್ತು, ಮನೆಗೆ ಎಣಿಸಿ ಕೊಟ್ಟಷ್ಟೇ ಬಾಟಲಿ. ಅದನ್ನು ಕುಡಿದವರ ನಾಲಿಗೆ ಕಪ್ಪಾಗುತ್ತದೆ. ಬೇರೆ ಊರಿನವರು ನಮ್ಮ ನಾಲಿಗೆ ನೋಡಿಯೇ ನಾವು ಯಾವ ಊರಿನವರು ಅಂತ ಹೇಳಿಬಿಡುತ್ತಿದ್ದರು.

ಊರ ಬಾಯಲ್ಲಿ ಒಂದು ಕಟ್ಟೆ ಇದೆ. ಒಳಗೆ ಬರುವವರು ಮೈಮೇಲಿನ ಕಬ್ಬಿಣವನ್ನೆಲ್ಲ ಅಲ್ಲಿ ಬಿಚ್ಚಿಟ್ಟು ಬರಬೇಕು. ಆಗ ಕಟ್ಟೆ ಕಾಯುತ್ತಿದ್ದವರು ಮೈಲಾರಯ್ಯ. ಮೊದಲು ಗಂಡಸರನ್ನು ಅವರು, ಹೆಂಗಸರನ್ನು ಅವರ ಹೆಂಡತಿ ತಡವಿ ನೋಡುತ್ತಿದ್ದರಂತೆ. ಯಾರೋ ಹುಲ್ಲಿನ ಹೊರೆಯಲ್ಲಿ ಬಚ್ಚಿಟ್ಟು ತಂದ ಕುಡುಗೋಲು ದೊಡ್ಡ ಸೆಳೆತದ ದಿನ ಅಂಗಳದಲ್ಲಿ ರಾಗಿ ಕೇರುತ್ತಿದ್ದ ಆ ಹೆಣ್ಣುಮಗಳ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬಂತು. ಅಂದಿನಿಂದ ಊರಿನವರು ಒಂದು ಕಟ್ಟುಪಾಡು ಮಾಡಿಕೊಂಡರು. ಯಾರ ಮನೆಯಲ್ಲಿ ಕಬ್ಬಿಣ ಸಿಕ್ಕರೂ ಆ ಮನೆಯವರೆಲ್ಲ ಅದೇ ದಿನ ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕು, ಮತ್ತೆ ಕಟ್ಟೆ ದಾಟುವ ಹಾಗಿಲ್ಲ.

ನಾನು ಮದುಮಗಳಾಗಿ ಬಂದಾಗ ಮೈಲಾರಯ್ಯ ನನ್ನ ಕೈಯಲ್ಲಿದ್ದ ಗಂಟನ್ನು ಮಾತ್ರ ಬಿಚ್ಚಿ ನೋಡಿದರು. ಮೈ ಮುಟ್ಟಲಿಲ್ಲ. ತಲೆ ತಗ್ಗಿಸಿಕೊಂಡೇ, ಕಬ್ಬಿಣ ಏನಾದರೂ ಇದೆಯೇನವ್ವ ಅಂತ ಕೇಳಿದರು. ಇಲ್ಲ ಅಂದೆ. ರವಿಕೆಯ ಮಡಿಕೆಯೊಳಗೆ ಉಕ್ಕಿನ ಸೂಜಿಯೊಂದು ಆಗಲೇ ಗುಡ್ಡದ ಕಡೆಗೆ ಜಗ್ಗುತ್ತಾ ನನ್ನ ಚರ್ಮವನ್ನು ಚುಚ್ಚುತ್ತಿತ್ತು. ಹೋಗವ್ವ, ಚೆನ್ನಾಗಿರು ಅಂದರು. ಎರಡು ಬೆರಳು ಉದ್ದದ ಸೂಜಿ ಯಾರನ್ನು ಕೊಲ್ಲುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹತ್ತೊಂಬತ್ತು ವರ್ಷದವಳ ಬುದ್ಧಿ.

ನನ್ನ ಕಸುಬು ಹೊಲಿಗೆ. ಗಣಿಯಲ್ಲಿ ಅದಿರು ಹೊರುವ ದಪ್ಪ ಬಟ್ಟೆಯ ಚೀಲಗಳನ್ನು ಹೊಲಿಯಬೇಕು. ಹಿತ್ತಾಳೆ ಸೂಜಿಯಲ್ಲಿ ಹತ್ತು ಹೊಲಿಗೆ ಹಾಕುವುದರೊಳಗೆ ಅದು ಬಾಗಿಹೋಗುತ್ತದೆ, ಮತ್ತೆ ನೆಟ್ಟಗೆ ಮಾಡಬೇಕು. ಉಕ್ಕಿನ ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಅದನ್ನು ಬಚ್ಚಿಡಲು ನಾನೊಂದು ಉಪಾಯ ಮಾಡಿದ್ದೆ. ಗಂಡನ ಕೆಲಸದ ಜಾಗದಿಂದ ಬಂದ ಬಿಸಿನೀರಿನ ಲೋಹದ ಒಂದು ಗಟ್ಟಿಯನ್ನು ಬಟ್ಟಲಲ್ಲಿ ಕರಗಿಸಿ ಅದರೊಳಗೆ ಸೂಜಿಯನ್ನು ಮುಳುಗಿಸಿ ಆರಲು ಬಿಡುತ್ತಿದ್ದೆ. ಬಿಸ್ಮತ್ತಿನ ನಡುವೆ ಸಿಕ್ಕಿಕೊಂಡ ಕಬ್ಬಿಣ ಗುಡ್ಡದ ಕರೆಗೆ ಅಲುಗುವುದಿಲ್ಲ. ಬೆಳಿಗ್ಗೆ ಗಂಡ ಹೊರಟ ಮೇಲೆ ಬಿಸಿನೀರು ಸುರಿದರೆ ಸೂಜಿ ಕೈಗೆ ಬರುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಹೊಲಿಯುವಾಗ ಯಾವಾಗಲೂ ಗುಡ್ಡಕ್ಕೆ ಮುಖ ಮಾಡಿ ಕೂರುತ್ತಿದ್ದೆ. ಕೈ ಜಾರಿದರೂ ಸೂಜಿ ನನ್ನಿಂದ ಆಚೆಗೆ ಹೋಗಲಿ ಅಂತ.

ನಾನು ಬರುವ ಮುಂಚೆ ಚೀಲ ಹೊಲಿಯುತ್ತಿದ್ದವಳು ಹಿಂದಿನ ಬೀದಿಯ ಹಾಲಮ್ಮ. ಮೂವತ್ತೆಂಟೋ ನಲವತ್ತೋ ವಯಸ್ಸು. ನನ್ನ ಹೊಲಿಗೆ ಗಟ್ಟಿ, ನಾನು ಕೊಡುವುದೂ ಬೇಗ, ಹಾಗಾಗಿ ಒಂದೊಂದೇ ಕೆಲಸ ಅವಳ ಕೈ ಬಿಟ್ಟು ನನ್ನ ಕಡೆ ಬಂತು. ಹಾಲಮ್ಮನ ಕೈಯಲ್ಲಿ ಕಸುವು ಹೋಯಿತು ಅಂತ ಜನ ಆಡಿಕೊಂಡರು. ಅವಳೂ ಅದನ್ನೇ ನಂಬಿದಳು. ಸಂಜೆ ಜಗಲಿಯ ಮೇಲೆ ಕೂತು ಬೆರಳುಗಳಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ. ಒಳಗೊಳಗೇ ಹೆಮ್ಮೆಯೂ ಇತ್ತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಈ ಊರಿನ ಹೊಲಿಗೆಯವರಿಗೆ ಒಂದು ಅಭ್ಯಾಸ. ದಾರ ಕತ್ತರಿಸುವಾಗಲೋ ಬಟ್ಟೆ ಮಡಚುವಾಗಲೋ ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಾರೆ. ಹಿತ್ತಾಳೆ ಸೂಜಿಗೆ ಗುಡ್ಡದ ಹಂಗಿಲ್ಲವಲ್ಲ, ಇಟ್ಟಲ್ಲಿ ಇರುತ್ತದೆ. ನಾನೂ ಬಂದ ಹೊಸದರಲ್ಲೇ ಅದನ್ನು ಕಲಿತೆ. ಅವತ್ತು ಮಧ್ಯಾಹ್ನ ಗುಡ್ಡಕ್ಕೆ ಮುಖ ಮಾಡಿ ಕೂತಿದ್ದೆ, ಸೂಜಿ ತುಟಿಯಲ್ಲಿತ್ತು. ಅತ್ತೆ ಬೊಮ್ಮಕ್ಕ ಹಿತ್ತಿಲಿನಿಂದ ಒಳಗೆ ಬಂದವಳೇ ಸೌದೆಯ ಲೆಕ್ಕ ತೆಗೆದಳು. ದಿನಾ ಬೆಳಿಗ್ಗೆ ಅಷ್ಟು ನೀರು ಕಾಯಿಸುತ್ತೀಯಲ್ಲ, ಯಾವ ಅರಮನೆಯವಳು ನೀನು ಅಂತ. ನನಗೆ ಉತ್ತರ ಕೊಡದೆ ಕೂರುವ ಸ್ವಭಾವವೇ ಇಲ್ಲ. ಸರಕ್ಕನೆ ಅವಳ ಕಡೆ ತಿರುಗಿದೆ. ಗುಡ್ಡ ಈಗ ನನ್ನ ಬೆನ್ನಿಗಿತ್ತು. ಅದು ಎಂದಿನಂತೆ ಮೆಲ್ಲಗೆ ಜಗ್ಗಿತು. ನಾನು ಮಾತಿಗೆ ಬಾಯಿ ತೆರೆದಿದ್ದೆ. ಸೂಜಿ ನಾಲಿಗೆಯ ಮೇಲೆ ಹಾದು ಗಂಟಲಿಗೆ ಹೋಗಿಬಿಟ್ಟಿತು.

ಕೆಮ್ಮಿದೆ, ಉಗುಳಿದೆ, ಬೆರಳು ಹಾಕಿದೆ. ಬರಲಿಲ್ಲ. ಕೆಮ್ಮಿದಷ್ಟೂ ಇನ್ನೂ ಕೆಳಗೆ ಇಳಿಯಿತು. ಅತ್ತೆ ಗಾಬರಿಯಾಗಲಿಲ್ಲ, ಹೊಲಿಗೆಯವರ ಮನೆಗಳಲ್ಲಿ ಇದು ಹೊಸದಲ್ಲ. ಹಿತ್ತಾಳೆ ಸೂಜಿ ತಾನೆ, ಎರಡು ಬಾಳೆಹಣ್ಣು ತಿನ್ನು, ನಾಳೆ ಹೊರಗೆ ಹೋಗುತ್ತದೆ ಅಂದಳು. ನಾನು ಗೋಡೆ ಹಿಡಿದು ನಿಂತೆ.

"ಹಿತ್ತಾಳೆದಲ್ಲ ಅತ್ತೆ," ಅಂದೆ.

ಅವಳು ನನ್ನ ಮುಖ ನೋಡಿದಳು. ಬಾಗಿಲಿಗೆ ನೇತುಹಾಕಿದ್ದ ಬಿಸ್ಮತ್ ಗಟ್ಟಿಯನ್ನು ನೋಡಿದಳು. ಅದು ಎರಡು ಬೆರಳು ಓರೆಯಾಗಿತ್ತು. ಮೂರು ನಾಲ್ಕು ದಿನದಲ್ಲಿ ದೊಡ್ಡ ಸೆಳೆತ ಬರುವುದಿತ್ತು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಚಾಪೆ ಎಳೆದು ಹಾಸಿ, ನನ್ನ ಎರಡೂ ಭುಜ ಹಿಡಿದು, ಕಾಲು ಗುಡ್ಡದ ಕಡೆ ಬರುವ ಹಾಗೆ ಮಲಗಿಸಿದಳು. ನಮ್ಮೂರಿನಲ್ಲಿ ಗುಡ್ಡದ ಕಡೆ ಕಾಲು ಚಾಚಿ ಯಾರೂ ಮಲಗುವುದಿಲ್ಲ. ಅತ್ತೆಯಂತೂ ಆ ದಿಕ್ಕಿಗೆ ಮುಸುರೆ ನೀರನ್ನೂ ಚೆಲ್ಲಿದವಳಲ್ಲ. ಎಳೆಯುವುದಾದರೆ ಅನ್ನ ಇಳಿಯುವ ದಾರಿಯಲ್ಲೇ ಎಳೆದುಕೊಳ್ಳಲಿ, ಅಡ್ಡಡ್ಡ ಬೇಡ ಅಂದಳು. ಆಮೇಲೆ ಗುಡ್ಡದ ಕಡೆ ತಿರುಗಿ ಕೈಮುಗಿದು ತಪ್ಪಾಯಿತು ಅಂತ ಕೇಳಿಕೊಂಡಳು.

ಆಸ್ಪತ್ರೆಯ ಕಾಂಪೌಂಡರ್ ದೇವಸಹಾಯಂ ಅವರೇ ನಮಗೆ ಡಾಕ್ಟರ್, ನರ್ಸ್ ಎಲ್ಲ. ಪಾಲಯ್ಯ ಓಡಿಹೋಗಿ ಅವರನ್ನು ಕರೆತಂದ. ಅವರು ಹೊಟ್ಟೆಯ ಮೇಲೆ ಕಿವಿಯಿಟ್ಟರು, ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ದೊಡ್ಡ ಊರಿನ ಆಸ್ಪತ್ರೆಗೆ ಸಾಗಿಸೋಣ ಅಂತ ಪಾಲಯ್ಯ ಅಂದ. ಅದಕ್ಕೆ ಎರಡು ದಿನದ ಗಾಡಿ ಪ್ರಯಾಣ, ಆ ಕುಲುಕಾಟದಲ್ಲಿ ಸೂಜಿ ಎಲ್ಲೆಂದರಲ್ಲಿ ಚುಚ್ಚಿಕೊಳ್ಳುತ್ತದೆ ಅಂತ ಅವರು ಒಪ್ಪಲಿಲ್ಲ. ಇರುವುದು ಒಂದೇ ದಾರಿ ಅಂದರು. ಹೊಟ್ಟೆಯ ತುಂಬ ಬಿಳಿ ಮದ್ದು ತುಂಬಿಸಬೇಕು. ಬಿಸ್ಮತ್ ಸೂಜಿಯ ಸುತ್ತ ಮೆತ್ತಿಕೊಳ್ಳಬೇಕು. ದಪ್ಪಗೆ ಮೆತ್ತಿಕೊಂಡರೆ ಗುಡ್ಡಕ್ಕೆ ಅದರ ಮೇಲಿನ ಹಿಡಿತ ಸಡಿಲವಾಗುತ್ತದೆ, ಮೊನೆಯೂ ಮೊಂಡಾಗುತ್ತದೆ. ಆಮೇಲೆ ಅದರ ಪಾಡಿಗೆ ಅದು ಇಳಿದುಹೋಗುತ್ತದೆ. ದೊಡ್ಡ ಸೆಳೆತ ಬರುವುದರೊಳಗೆ ಇದೆಲ್ಲ ಆಗಬೇಕು ಅಂದರು.

"ಎಷ್ಟು ಬಾಟ್ಲಿ ಬೇಕು?" ಅಂತ ಅತ್ತೆ ಕೇಳಿದಳು.

"ಮೂವತ್ತಾದರೂ ಬೇಕಾಗುತ್ತೆ ಬೊಮ್ಮಕ್ಕ. ನನ್ನ ಹತ್ರ ಇರೋದು ಮೂರು. ಗಾಡಿ ಬರೋಕೆ ಇನ್ನೂ ಇಪ್ಪತ್ತು ದಿನ ಇದೆ."

ಅಂದರೆ ಮನೆ ಮನೆಗೆ ಹೋಗಿ ಕೇಳಬೇಕು. ಕೇಳಿದರೆ ಯಾಕೆ ಅಂತ ಹೇಳಬೇಕು. ಹೇಳಿದರೆ ಊರು ಬಿಡಬೇಕು. ಅತ್ತೆ ಹುಟ್ಟಿದ್ದು ಇದೇ ಊರಿನಲ್ಲಿ, ಮಾವ ಮಣ್ಣಾಗಿದ್ದು ಇಲ್ಲೇ. ನಾನು ಅವಳ ಸೆರಗು ಹಿಡಿದುಕೊಂಡು ಬೇಡ ಅಂದೆ. ಇರುವ ಮೂರು ಬಾಟಲಿಯನ್ನೇ ಕುಡಿಯುತ್ತೇನೆ, ಬದುಕಿದರೆ ಬದುಕಿದೆ ಅಂದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

"ಊರು ಬಿಡಾದಾದ್ರೆ ಮೂರು ಜನ ಬಿಟ್ಟೋಗಾಣ. ಇಬ್ರು ಇಲ್ಲೇ ಉಳಿಯಾದ್ಕಿಂತ ಅದೇ ವಾಸಿ," ಅಂದಳು.

ಪಕ್ಕದ ಮನೆಯಲ್ಲಿ ಒಂದು ಹಿಡಿ ಉಪ್ಪನ್ನೂ ಕೈಗಡ ಕೇಳದಿದ್ದ ಹೆಂಗಸು ಅವಳು. ಅವತ್ತು ತಲೆಯ ಮೇಲೆ ಬುಟ್ಟಿ ಹೊತ್ತು ಮೊದಲು ಹೋಗಿದ್ದು ಮೈಲಾರಯ್ಯನವರ ಕಟ್ಟೆಗೆ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ ಅಂತ. ನನ್ನ ಸೊಸೆ ಕಬ್ಬಿಣ ತಂದಿದ್ದಳು, ಈಗ ಅದನ್ನೇ ನುಂಗಿದ್ದಾಳೆ ಅಂತ ಇದ್ದದ್ದು ಇದ್ದಹಾಗೆ ಹೇಳಿದಳಂತೆ. ನಾನು ಸುಳ್ಳು ಹೇಳಿದ್ದು ಅವರ ಮುಖದ ಮುಂದೆಯೇ ಅಲ್ಲವೇ? ಮೈಲಾರಯ್ಯ ಎದ್ದು ಒಳಗೆ ಹೋಗಿ ತಮ್ಮ ಬಾಟಲಿ ತಂದು ಬುಟ್ಟಿಯಲ್ಲಿಟ್ಟು, ಮದ್ದು ಬೇರೆ ಕಟ್ಟೆ ಬೇರೆ, ಸೂಜಿ ಹೊರಗೆ ಬಂದ ದಿನ ನಾನು ನೋಡಬೇಕು ಅಂದರಂತೆ.

ಆಮೇಲೆ ಅತ್ತೆ ಬೀದಿ ಬೀದಿ ತಿರುಗಿದಳು. ಬೈದವರೂ ಇದ್ದರು. ನಮ್ಮ ಮಕ್ಕಳ ನಡುವೆ ಮೂರು ವರ್ಷ ಕಬ್ಬಿಣ ಇಟ್ಟುಕೊಂಡಿದ್ದಳಲ್ಲ, ಅದು ಹಾರಿ ಯಾರ ಕಣ್ಣಿಗಾದರೂ ಹೊಕ್ಕಿದ್ದರೆ ಅಂತ ಕೇಳಿದವರಿದ್ದರು. ಅವರು ಕೇಳಿದ್ದು ಸರಿಯಾಗೇ ಇತ್ತು. ಆದರೆ ಬೈಯುತ್ತಲೇ ಗೂಡಿನಿಂದ ಬಾಟಲಿ ತೆಗೆದು ಕೊಟ್ಟರು. ತುಂಬಿದ್ದು, ಅರ್ಧ ಇದ್ದದ್ದು, ತಳದಲ್ಲಿ ನಾಲ್ಕು ಚಮಚ ಉಳಿದದ್ದು. ಒಬ್ಬ ಮುದುಕ ಖಾಲಿಯಾದ ಬಾಟಲಿಗೆ ನೀರು ಹಾಕಿ ಕುಲುಕಿ ಆ ನೀರನ್ನೇ ಕೊಟ್ಟು ಕಳಿಸಿದ್ದ. ಇನ್ನು ಇಪ್ಪತ್ತು ದಿನ ತಮ್ಮ ಹೊಟ್ಟೆಗಳು ಏನಾಗುತ್ತವೆ ಅಂತ ಅವರೆಲ್ಲರಿಗೂ ಗೊತ್ತಿತ್ತು. ಒಟ್ಟು ಮೂವತ್ತೊಂದು ಮನೆ. ಯಾವ ಮನೆಯವರು ಯಾವ ಬಾಟಲಿ ಕೊಟ್ಟರು ಅಂತ ಇವತ್ತಿಗೂ ಹೇಳಬಲ್ಲೆ.

ಹಾಲಮ್ಮ ಮಾತ್ರ ಬುಟ್ಟಿಗೆ ಹಾಕಲಿಲ್ಲ, ತಾನೇ ಬಂದಳು. ನಾನು ಮಲಗಿದ್ದ ಚಾಪೆಯ ಪಕ್ಕ ಕೂತು ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಉಗಿದುಬಿಡಲಿ, ಕೆನ್ನೆಗೆ ಬಾರಿಸಲಿ, ಅದೇ ಒಳ್ಳೆಯದು ಅನ್ನಿಸುತ್ತಿತ್ತು ನನಗೆ.

"ಉಕ್ಕಿಂದಾ?" ಅಂತ ಕೇಳಿದಳು.

ಹೂಂ ಅಂದೆ.

"ಅಂಗಾದ್ರೆ ನನ್ನ ಕೈ ಕೆಟ್ಟಿರ್ಲಿಲ್ಲ," ಅಂದಳು.

ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅತ್ತೆ ಬರುವವರೆಗೂ ಅವಳ ಕೈ ಹಿಡಿದುಕೊಂಡೇ ಇದ್ದೆ. ಅವಳು ತಾನು ತಂದ ಬಾಟಲಿಯ ಬಿರಡೆ ತೆಗೆದು, ಚಮಚ ಹುಡುಕಿ, ಮೊದಲ ಗುಟುಕನ್ನು ತಾನೇ ಕುಡಿಸಿದಳು. ಮುಂದೆ ನಾವಿಬ್ಬರೂ ಒಂದೇ ಜಗಲಿಯ ಮೇಲೆ ಹಿತ್ತಾಳೆ ಸೂಜಿಯಲ್ಲಿ ಚೀಲ ಹೊಲಿದೆವು, ಇಪ್ಪತ್ತಾರು ವರ್ಷ. ಅವಳ ಹೊಲಿಗೆ ನನ್ನದಕ್ಕಿಂತ ಗಟ್ಟಿ. ಅದನ್ನು ಊರಿಗೆಲ್ಲ ಹೇಳಿದವಳು ನಾನೇ, ಈಗಲೂ ಹೇಳುತ್ತೇನೆ.

ಬಿಳಿ ಮದ್ದನ್ನು ಒಂದು ಚಮಚ ಕುಡಿಯುವುದು ಬೇರೆ, ಬಾಟಲಿ ಬಾಟಲಿ ಕುಡಿಯುವುದು ಬೇರೆ. ಸುಣ್ಣವನ್ನು ಸಕ್ಕರೆ ಪಾಕದಲ್ಲಿ ಕಲಸಿದ ರುಚಿ. ಮೊದಲ ದಿನವೇ ನಾಲಿಗೆ ಇದ್ದಿಲ ಬಣ್ಣಕ್ಕೆ ತಿರುಗಿತು. ಎರಡನೆಯ ದಿನ ಇನ್ನೊಂದು ಕಷ್ಟ ಶುರುವಾಯಿತು. ಆ ಮದ್ದಿನ ಗುಣವೇ ಹೊಟ್ಟೆ ಕಟ್ಟುವುದು. ಸೂಜಿ ಹೊರಗೆ ಹೋಗಬೇಕು, ಮದ್ದು ಹೋಗಲು ಬಿಡುವುದಿಲ್ಲ. ದೇವಸಹಾಯಂ ತಲೆ ಕೆರೆದುಕೊಂಡರು. ಮೊದಲು ಮೆತ್ತಿಕೊಳ್ಳಲಿ, ಆಮೇಲೆ ಸಡಿಲ ಮಾಡೋಣ ಅಂದು ರಾಗಿ ಅಂಬಲಿ, ಬಾಳೆಹಣ್ಣು, ಮತ್ತೆ ಮದ್ದು, ಮತ್ತೆ ಬಾಳೆಹಣ್ಣು ಅಂತ ಹೊತ್ತು ಹೊತ್ತಿಗೆ ಕೊಡಿಸಿದರು. ಪಾಲಯ್ಯ ದಿನಕ್ಕೊಂದು ಬಾಳೆಗೊನೆ ಹೊತ್ತು ತರುತ್ತಿದ್ದ. ಪಾಪ, ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೇ ಎಲ್ಲ ಹೇಳಿಕೊಂಡಾಗ, ನಾನು ಕರಗಿಸಿ ಸುರಿಯುವ ಲೋಹದಲ್ಲೇ ಬಚ್ಚಿಟ್ಟಿದ್ದೀಯಲ್ಲೇ ಅಂತ ನಕ್ಕ. ಆಮೇಲೆ ಹಿತ್ತಿಲಿಗೆ ಹೋಗಿ ತುಂಬ ಹೊತ್ತು ಅಲ್ಲೇ ಇದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲಿನ ಬಿಸ್ಮತ್ ಗಟ್ಟಿ ಮೂರು ಬೆರಳು ಓರೆಯಾಯಿತು. ಮಧ್ಯಾಹ್ನಕ್ಕೆ ನಾಲ್ಕು. ಕೊನೆಯ ಎರಡು ಬಾಟಲಿಯನ್ನು ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಪಾಲಯ್ಯ ನನ್ನ ಪಾದಗಳನ್ನು ಹಿಡಿದು ಗುಡ್ಡದ ಕಡೆಗೆ ನೆಟ್ಟಗಿರಿಸಿದ. ದೇವಸಹಾಯಂ ಗೋಡೆಗೆ ಒರಗಿ ತಮ್ಮ ದೇವರನ್ನು ನೆನೆಯುತ್ತಿದ್ದರು, ಅತ್ತೆ ತನ್ನ ದೇವರನ್ನು. ಗಟ್ಟಿ ಒಂದು ಗೇಣು ಓರೆಯಾಗಿ ದಾರ ಬಿಗಿದುಕೊಂಡಿತು. ನನ್ನ ಹೊಟ್ಟೆಯೊಳಗೆ ಏನೋ ಕದಲಿತು. ಹೊಟ್ಟೆಯಲ್ಲಿ ಕೂಸು ಮೊದಲ ಸಲ ಮಿಸುಕಿದಾಗ ಹೀಗೇ ಆಗುತ್ತದೆ ಅಂತ ಆಮೇಲೆ ಎರಡು ವರ್ಷಕ್ಕೆ ನನಗೆ ಗೊತ್ತಾಯಿತು. ಅವತ್ತು ಮಾತ್ರ ನಾನು ಸತ್ತೆ ಅಂತಲೇ ಅಂದುಕೊಂಡೆ. ಅದು ಸ್ವಲ್ಪ ಕೆಳಗೆ ಸರಿಯಿತು, ನಿಂತಿತು, ಮತ್ತೆ ಸ್ವಲ್ಪ ಸರಿಯಿತು. ಚುಚ್ಚಲಿಲ್ಲ. ಒಂದು ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಸೆಳೆತ ಇತ್ತು. ಆಮೇಲೆ ದಾರ ಸಡಿಲವಾಯಿತು, ಗಟ್ಟಿ ಮೆಲ್ಲಗೆ ತನ್ನ ಜಾಗಕ್ಕೆ ಬಂತು. ಅತ್ತೆ ಇಷ್ಟು ದಿನ ತಡೆದುಕೊಂಡಿದ್ದ ಬೈಗುಳವನ್ನೆಲ್ಲ ಆಗ ಬೈದಳು. ಬೈಯುತ್ತಾ ನನ್ನ ಹಣೆಯ ಬೆವರು ಒರೆಸುತ್ತಲೇ ಇದ್ದಳು. ಅಷ್ಟು ಸಿಹಿಯಾದ ಬೈಗುಳವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಮಾರನೆಯ ಬೆಳಿಗ್ಗೆ ಸೂಜಿ ಹೊರಗೆ ಬಂತು. ಅದನ್ನು ಹುಡುಕಿ ತೆಗೆದವಳೂ ಅತ್ತೆಯೇ. ಹೇಸಿಗೆ ಪಡಲಿಲ್ಲ, ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ. ನೀರಿನಲ್ಲಿ ಅಲುಗಿಸಿ ತೊಳೆದು ಬಾಳೆ ಎಲೆಯ ಮೇಲಿಟ್ಟಳು. ಅದು ಸೂಜಿಯ ಹಾಗೇ ಕಾಣುತ್ತಿರಲಿಲ್ಲ. ದಪ್ಪಗೆ, ಕಪ್ಪಗೆ, ಸುಟ್ಟ ಕಡ್ಡಿಯ ಹಾಗಿತ್ತು. ಅದನ್ನು ಹಾಗೇ ನೆಲದಲ್ಲಿ ಹೂತುಬಿಡೋಣ, ಸಿಗಲಿಲ್ಲ ಅಂದರಾಯಿತು ಅಂತ ಪಾಲಯ್ಯ ಮೆಲ್ಲಗೆ ಅಂದ. ಅತ್ತೆ ಒಪ್ಪಲಿಲ್ಲ. ಮೂವತ್ತೊಂದು ಮನೆಯ ಮದ್ದು ಕುಡಿದು ಮತ್ತೆ ಸುಳ್ಳು ಹೇಳುವುದೇ ಅಂದಳು. ಅವನನ್ನೇ ಕಟ್ಟೆಗೆ ಓಡಿಸಿ, ಸೂಜಿ ಬಂತು ಅಂತ ಹೇಳಿ ಕಳಿಸಿದಳು. ತಾನು ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು. ಬಾಗಿಲಿನ ಬಿಸ್ಮತ್ ಗಟ್ಟಿಯನ್ನೂ ಬಿಚ್ಚಿಕೊಂಡಳು. ಹೊರಗೆ ಹೋದ ಮೇಲೆ ಅದರಿಂದ ಏನು ಉಪಯೋಗವೋ ಅವಳಿಗೇ ಗೊತ್ತು, ಸೆರಗಿನ ತುದಿಯಲ್ಲಿ ಅದನ್ನು ಕಟ್ಟಿಕೊಂಡಿದ್ದಳು.

ಹೊತ್ತೇರುವಷ್ಟರಲ್ಲಿ ಮೈಲಾರಯ್ಯ ಬಂದರು. ಅವರ ಹಿಂದೆ ಊರಿನ ಜನ ಬಂದು ಅಂಗಳದ ಸುತ್ತ ನಿಂತರು. ನಾನು ಅವರ ಮುಖಗಳನ್ನು ನೋಡಿದೆ. ಐದು ದಿನದಿಂದ ಬಿಳಿ ಮದ್ದಿಲ್ಲದೆ ಎಲ್ಲರ ಮುಖವೂ ಇಳಿದುಹೋಗಿತ್ತು. ಒಬ್ಬರು ಹೊಟ್ಟೆ ಒತ್ತಿ ಹಿಡಿದಿದ್ದರು, ಒಬ್ಬರು ಜೀರಿಗೆ ಅಗಿಯುತ್ತಿದ್ದರು, ಬಾಟಲಿ ತೊಳೆದ ನೀರು ಕೊಟ್ಟಿದ್ದ ಮುದುಕ ನಿಲ್ಲಲಾಗದೆ ಕಲ್ಲಿನ ಮೇಲೆ ಕೂತಿದ್ದ. ಇವರನ್ನೆಲ್ಲ ನೋಡುವುದು ಇದೇ ಕೊನೆ ಅಂತ ನನಗೆ ಗೊತ್ತಿತ್ತು. ನಾನು ಕೈಮುಗಿದು, ನನ್ನ ಅತ್ತೆಗೂ ಗಂಡನಿಗೂ ಈ ಸೂಜಿಯ ವಿಷಯ ಗೊತ್ತಿರಲಿಲ್ಲ, ನನ್ನೊಬ್ಬಳನ್ನೇ ಕಳಿಸಿ ಅಂತ ಕೇಳಿಕೊಂಡೆ. ಮೈಲಾರಯ್ಯ ಸೊಂಟದ ಚೀಲದಿಂದ ಹತ್ತಿ ನೂಲು ತೆಗೆದರು.

ಕಟ್ಟೆಯಲ್ಲಿ ಯಾವುದಾದರೂ ವಸ್ತುವಿನ ಮೇಲೆ ಅನುಮಾನ ಬಂದರೆ ಅದನ್ನು ಹತ್ತಿ ನೂಲಿಗೆ ಕಟ್ಟಿ ಇಳಿಬಿಡುತ್ತಾರೆ. ಗುಡ್ಡದ ಕಡೆ ತಿರುಗಿದರೆ ಅದು ಕಬ್ಬಿಣ. ತಿರುಗದಿದ್ದರೆ ಅಲ್ಲ. ಊರು ಒಪ್ಪಿಕೊಂಡಿದ್ದ ಕಾನೂನು ಅಷ್ಟೇ, ಅದರ ಮುಂದೆ ಯಾರ ಮಾತೂ ನಡೆಯುವುದಿಲ್ಲ. ಮೈಲಾರಯ್ಯ ಬಾಳೆ ಎಲೆಯ ಮೇಲಿದ್ದ ಸೂಜಿಯನ್ನು ತೆಗೆದುಕೊಂಡು ನಡುವಿಗೆ ನೂಲು ಕಟ್ಟಿ, ತೋಳು ಮುಂದೆ ಚಾಚಿ ಎಲ್ಲರಿಗೂ ಕಾಣುವ ಹಾಗೆ ಇಳಿಬಿಟ್ಟರು. ಅದು ಮೊದಲು ಅತ್ತಿತ್ತ ಆಡಿ ಗುಡ್ಡಕ್ಕೆ ಅಡ್ಡಲಾಗಿ, ತೆಂಕಣ ಬಡಗಣವಾಗಿ ನಿಂತಿತು. ಇನ್ನೇನು ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅದರ ಮೊನೆ ನಿಧಾನವಾಗಿ ಪಡುವಣಕ್ಕೆ ತಿರುಗತೊಡಗಿತು. ಒಂದು ಜೋಳದ ಕಾಳಿನಷ್ಟು, ಎರಡು ಕಾಳಿನಷ್ಟು. ಅಷ್ಟೂ ಮದ್ದು ಮೆತ್ತಿಕೊಂಡಿದ್ದರೂ ಒಳಗಿದ್ದದ್ದು ಉಕ್ಕೇ ತಾನೆ. ನಾನು ನೋಡಿದೆ, ಅತ್ತೆ ನೋಡಿದಳು, ಅಂಗಳದ ಸುತ್ತ ನಿಂತವರೆಲ್ಲ ನೋಡಿದರು. ಮೈಲಾರಯ್ಯನವರ ಕಣ್ಣು ಸೂಜಿಯ ಮೇಲೇ ಇತ್ತು. ಹೆಂಡತಿಯನ್ನು ಕಬ್ಬಿಣಕ್ಕೆ ಕಳೆದುಕೊಂಡ ಮನುಷ್ಯ. ಆ ಊರಿನಲ್ಲಿ ನನ್ನನ್ನು ಹೊರಗೆ ಹಾಕುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೆ ಇತ್ತು.

"ಗಾಳಿ ಐತೆ," ಅಂದರು ಮೈಲಾರಯ್ಯ.

ಗಾಳಿ ಎಲ್ಲಿತ್ತು? ಅಂಗಳದಲ್ಲಿ ಅತ್ತೆ ಬೆಳಿಗ್ಗೆ ಬಿಡಿಸಿದ್ದ ರಂಗೋಲಿಯ ಪುಡಿ ಹಾಕಿದಲ್ಲೇ ಇತ್ತು. ಆಗ ಹಾಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಾರಿಹೋಗದ ಹಾಗೆ ಗದ್ದದ ಕೆಳಗೆ ಬಿಗಿಯಾಗಿ ಹಿಡಿದುಕೊಂಡಳು. ಅವಳ ಪಕ್ಕದವಳು ತಾನೂ ಹಾಗೇ ಮಾಡಿದಳು. ದೇವಸಹಾಯಂ ತಲೆಯ ಮೇಲಿನ ಟೋಪಿಯನ್ನು ಒತ್ತಿ ಹಿಡಿದರು. ಕಲ್ಲಿನ ಮೇಲೆ ಕೂತಿದ್ದ ಮುದುಕ ಟವೆಲನ್ನು ಕಿವಿಗೆ ಸುತ್ತಿಕೊಂಡು, ಹಾಳು ಗಾಳಿ ಅಂತ ಗೊಣಗಿದ. ಒಬ್ಬೊಬ್ಬರಾಗಿ, ಹೊಟ್ಟೆ ಹಿಡಿದುಕೊಂಡಿದ್ದವರೂ ಆ ಕೈ ತೆಗೆದು ಸೆರಗು, ಪಂಚೆ, ತಲೆಗೂದಲು ಹಿಡಿದುಕೊಂಡು, ಒಂದು ಎಲೆಯೂ ಅಲುಗದ ಆ ಬಿಸಿಲಿನಲ್ಲಿ ನನಗೋಸ್ಕರ ಗಾಳಿಗೆ ಮೈಯೊಡ್ಡಿ ನಿಂತರು.